ಅವನು ಕೇಳದೆ ಉಳಿಸಿಕೊಂಡ ಪ್ರಶ್ನೆ

ಎರಡನೇ ಶನಿವಾರ. ವಿಶಾಖಪಟ್ಟಣದ ಆ ಆಫೀಸಿನಲ್ಲಿ ಜಾಹ್ನವಿ ಒಬ್ಬಳೇ ಇದ್ದಳು. ಹತ್ತೂವರೆಗೇ ಕಡಲ ಮೇಲೆ ಮೋಡ ಕಟ್ಟಿ ಕಿಟಕಿ ಮಂಕಾಗಿತ್ತು. ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಐದು ತಿಂಗಳಿಂದ ಫೋನಿನಲ್ಲಷ್ಟೇ ಇದ್ದ ದನಿಗೆ ಕೈಕಾಲು ಬಂದು, ಎದುರಿಗೆ ನಿಂತು ಬೆವರು ಒರೆಸಿಕೊಂಡಿತು.

“ಜಾಹ್ನವಿ ಗಾರು, ನಾನು ಫಣೀಂದ್ರ.”

“ಗೊತ್ತಾಯ್ತು. ಫೋನಲ್ಲಿ ಇನ್ನೂ ಎತ್ತರ ಇದ್ರಿ.”

ಅವನು ನಕ್ಕ. ನಗುವಾಗ ಎಡಹುಬ್ಬು ಮಾತ್ರ ಮೇಲೇರಿತು. ಇಷ್ಟು ದಿನ ಈ ಹುಬ್ಬನ್ನು ಫೋನು ತನ್ನಿಂದ ಬಚ್ಚಿಟ್ಟಿತ್ತಲ್ಲ ಎಂದು ಜಾಹ್ನವಿಗೆ ಸಿಟ್ಟೇ ಬಂತು.

ಅವಳು ತುಮಕೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಆಫೀಸರ್. ಗ್ರಾಹಕರ ಪ್ರಶ್ನೆಗೆ ಉತ್ತರಿಸಲು ಬ್ಯಾಂಕು ಒಂದು ಎಐ ಏಜೆಂಟ್ ತಂದಿತ್ತು. ಖಾತೆಯ ಮಾಹಿತಿ ತೆಗೆಯಲು ಅದರ ಕೈಗೆ ನಲವತ್ತು ಟೂಲ್‌ಗಳು. ಯಾವ ಟೂಲ್ ಏನು ತರುತ್ತದೆ, ಅದನ್ನು ಯಾರಿಗೆ ಕೊಡಬಹುದು, ಯಾರಿಗೆ ಕೊಡಕೂಡದು ಎಂದು ಪ್ರತಿಯೊಂದಕ್ಕೂ ನಾಲ್ಕು ಸಾಲಿನ ವಿವರಣೆ ಬರೆಯುವುದು ಅವಳ ಕೆಲಸ. ಬರೆಯದೆ ಬಿಟ್ಟದ್ದನ್ನು ಏಜೆಂಟ್ ತನಗೆ ತೋಚಿದಂತೆ ತುಂಬಿಕೊಂಡುಬಿಡುತ್ತದೆ. ಹಾಗಾಗಿ ವಿಜಯವಾಡದ ಒನ್ ಟೌನ್ ಶಾಖೆಯ ಫಣೀಂದ್ರ ಅವನ್ನು ಓದಿ, ಅನುಮಾನವಿದ್ದರೆ ಕೇಳಿ, ಆಮೇಲೆ ಓಕೆ ಒತ್ತಬೇಕು.

ಅವನು ಅನುಮಾನಗಳನ್ನು ಮೇಲ್ ಮಾಡುತ್ತಿರಲಿಲ್ಲ, ಫೋನ್ ಮಾಡುತ್ತಿದ್ದ. ಅವನ ಕನ್ನಡ ಬಳ್ಳಾರಿಯ ಅಮ್ಮನಿಂದ ಬಂದದ್ದು. ಊಟ ತಿಂಡಿಯ ಮಾತು ದಾಟಿದರೆ ತೆಲುಗಿಗೆ ಜಾರುತ್ತಿತ್ತು. ಆ ದನಿಯ ರುಚಿ ಹತ್ತಿದ ಮೇಲೆ ಜಾಹ್ನವಿ ಒಂದು ಕಳ್ಳಾಟ ಶುರುಮಾಡಿದಳು. ಪ್ರತಿ ವಿವರಣೆಯಲ್ಲೂ ಬೇಕೆಂದೇ ಒಂದು ಸಾಲು ಬಿಡುವುದು. ಬಿಟ್ಟ ಸಾಲಿಗೊಂದು ಫೋನು ಗ್ಯಾರಂಟಿ. ಅವನು ಕೇಳಿದ ಮೇಲೆ ಸೇರಿಸಿದರಾಯಿತು, ಯಾರ ಗಂಟೇನು ಹೋಗುತ್ತದೆ?

“ಕೊನೇ ಟೂಲ್‌ಗೆ ಫೋನೇ ಮಾಡ್ಲಿಲ್ಲ ನೀವು,” ಎಂದಳು, ಕುರ್ಚಿ ಎಳೆದುಕೊಡುತ್ತಾ.

“ಓಕೆ ಮಾಡಿದೆ ಅಲ್ವಾ. ನಾಳೆ ಬರ್ತೀನಿ ಅಂತನೂ ಹೇಳಿದೆ.”

ಮೆಸೇಜಿನಲ್ಲಿ ಹೇಳಿದ್ದ. ಆ ‘ನಾಳೆ ಬರ್ತೀನಿ’ ಓದಿದ್ದೇ ಓದಿದ್ದು, ಯಾವ ಸೀರೆ ಉಡಲಿ ಎಂಬ ಯೋಚನೆಯಲ್ಲಿ ಬಿಟ್ಟ ಸಾಲು ಅವಳ ತಲೆಯಿಂದ ಹಾರಿಯೇಹೋಗಿತ್ತು. ನಿನ್ನೆ ಸಂಜೆಯೇ ಹೆಡ್ ಆಫೀಸು ಏಜೆಂಟನ್ನು ಚಾಲೂ ಮಾಡಿತ್ತು.

“ಜನ ಏನೇನು ಕೇಳಿದ್ದಾರೆ ನೋಡೋಣ ಬನ್ನಿ,” ಎಂದು ಅವಳು ದಾಖಲೆ ತೆರೆದಳು. ಅವನು ಪಕ್ಕಕ್ಕೆ ಬಂದು ಕೂತ. ಮೊಣಕೈಗೆ ಮೊಣಕೈ ತಾಗಿತು. ಇಬ್ಬರೂ ಸರಿದುಕೊಳ್ಳಲಿಲ್ಲ.

ಬೆಳಗ್ಗೆ ಐದು ಗಂಟೆಯ ಒಂದು ಪ್ರಶ್ನೆಯ ಮೇಲೆ ಅವಳ ಕಣ್ಣು ನಿಂತಿತು. ಇಲ್ಲೇ ಹತ್ತಿರದ ಅಚ್ಯುತಾಪುರಂನ ಗ್ರಾಹಕನೊಬ್ಬ, ಜಂಟಿ ಖಾತೆ. ‘ನನ್ನ ಹೆಂಡತಿಯ ಹೊಸ ಅಡ್ರೆಸ್ ಏನು?’ ಏಜೆಂಟ್ ನಮಸ್ಕಾರ ಹೇಳಿ, ಮನೆ ನಂಬರು, ಬೀದಿ, ವಿಜಯವಾಡದ ಭವಾನಿಪುರಂ ಎಂದು ಒಪ್ಪವಾಗಿ ಬರೆದುಕೊಟ್ಟಿತ್ತು. ಕೆಳಗೆ ಅವನ ಥ್ಯಾಂಕ್ಸ್.

ಅದು ಜಾಹ್ನವಿಯ ಕೊನೇ ಟೂಲ್ ತಂದ ಉತ್ತರ. ಕೇಳಿದವರ ವಿಳಾಸ ಮಾತ್ರ ಕೊಡಿ, ಜಂಟಿ ಖಾತೆಯ ಇನ್ನೊಬ್ಬರದು ಬೇಡ. ಅವಳು ಬಿಟ್ಟಿದ್ದು ಅದೇ ಸಾಲು.

“ಅದು ನಮ್ಮಕ್ಕ ಇರೋ ರೂಮು ಅಂಡಿ,” ಎಂದ ಫಣೀಂದ್ರ.

ಅಕ್ಕ ಶ್ರೀರಕ್ಷಾ ಎರಡು ತಿಂಗಳ ಹಿಂದೆ, ಗಂಡ ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು. ಭಾವ ಶಾಖೆಗೇ ನುಗ್ಗಿ ಕಾಲರ್ ಹಿಡಿದರೂ ಫಣೀಂದ್ರ ಅವಳಿರುವ ಜಾಗ ಬಾಯಿ ಬಿಟ್ಟಿರಲಿಲ್ಲ.

ಅವನು ಅಕ್ಕನಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಗಂಟೆ ಹನ್ನೊಂದಾಗಿತ್ತು. ಭಾವ ಐದಕ್ಕೇ ಕಾರಿನಲ್ಲಿ ಹೊರಟಿದ್ದರೆ ವಿಜಯವಾಡ ತಲುಪುವ ಹೊತ್ತು. ಜಾಹ್ನವಿ ಆ ಟೂಲನ್ನು ನಿಲ್ಲಿಸಿದಳು. ಅವನು ಮನೆಯೊಡತಿ ಲಕ್ಷ್ಮೀಕಾಂತಮ್ಮನಿಗೆ ಮಾಡಿದ. ಸ್ಪೀಕರಿನಲ್ಲಿ ಆಕೆಯ ತೆಲುಗು ನೆಮ್ಮದಿಯಾಗಿ ಕೇಳಿತು. ನಿಮ್ಮಕ್ಕ ಫೋನ್ ಚಾರ್ಜಿಗಿಟ್ಟು ತರಕಾರಿಗೆ ಹೋಗಿದ್ದಾಳೆ, ಯಾರೋ ನಿಮ್ಮ ನೆಂಟರಂತೆ, ಈಗಷ್ಟೇ ಬಂದು ಮೆಟ್ಟಿಲ ಮೇಲೆ ಕೂತಿದ್ದಾರೆ.

ವಿಷಯ ತಿಳಿದ ಲಕ್ಷ್ಮೀಕಾಂತಮ್ಮ ಹಿತ್ತಲ ಬಾಗಿಲಿಂದ ಓಡಿದರು. ಇನ್ನು ಕಾಯುವುದಷ್ಟೇ ಉಳಿದಿತ್ತು.

“ಆ ಸಾಲು ಮರೆತಿದ್ದಲ್ಲ,” ಎಂದಳು ಜಾಹ್ನವಿ. ಹೇಳದಿದ್ದರೆ ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ, ಆದರೂ ಹೇಳಿದಳು. “ಬೇಕಂತಲೇ ಬಿಟ್ಟೆ. ಪ್ರತಿ ಸಲ ಬಿಡ್ತಿದ್ದೆ. ನೀವು ಫೋನ್ ಮಾಡ್ಲಿ ಅಂತ.”

ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ಎದ್ದು ಹೋಗುತ್ತಾನೆ ಎಂದುಕೊಂಡಳು.

“ಮೂರನೇ ಟೂಲ್‌ಗೇ ನನಗೆ ಗೊತ್ತಾಯ್ತು. ಇದರಲ್ಲಿ ಬಿಟ್ಟಿದ್ದೂ ನೋಡಿದೆ.”

“ಮತ್ಯಾಕೆ ಕೇಳ್ಲಿಲ್ಲ?”

“ಕೊನೇದು ಅಲ್ವಾ. ಎದುರಿಗೆ ಕೂತು ಕೇಳೋಣ ಅಂತ ಇಟ್ಕೊಂಡೆ. ಸೋಮವಾರದವರೆಗೆ ಚಾಲೂ ಮಾಡಲ್ಲ ಅಂದ್ಕೊಂಡು ಓಕೆ ಒತ್ತಿ ರೈಲು ಹತ್ತಿದೆ.” ಅವನು ಮುಖ ಮುಚ್ಚಿಕೊಂಡ.

ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು. ಶ್ರೀರಕ್ಷಾಳನ್ನು ಬೀದಿ ತಿರುವಿನಲ್ಲೇ ತಡೆದು, ಆಟೋ ಹತ್ತಿಸಿ, ಲಕ್ಷ್ಮೀಕಾಂತಮ್ಮ ತಮ್ಮ ಮಗಳ ಮನೆಗೆ ಕಳಿಸಿದ್ದರು. ಪೊಲೀಸರಿಗೆ ಹೇಳಿಯಾಗಿದೆ, ಇನ್ನೂ ಬಂದಿಲ್ಲ.

ವಿಜಯವಾಡಕ್ಕೆ ಹೊರಡುವ ಮೊದಲು ಜಾಹ್ನವಿ ಆ ಸಾಲು ಬರೆದಳು. ಅವನು ಬಗ್ಗಿ ಓದಿದ.

“ಗಂಡ ಅಂತ ಹೇಳಿದ್ರೆ?”

“ಆಗಲೂ ಕೊಡಬಾರದು.”

“ಅಳ್ತಾ ಕೇಳಿದ್ರೆ?”

“ಆಗಲೂ.” ಅದನ್ನೂ ಬರೆದಳು. ಎರಡು ಸಲ ಓದಿ ಅವನು ಓಕೆ ಒತ್ತಿದ.

ಲಿಫ್ಟಿನಲ್ಲಿ ಅವಳ ಕೈ ಹಿಡಿದುಕೊಂಡ. “ಇನ್ನೊಂದು ಪ್ರಶ್ನೆನೂ ತಂದಿದ್ದೆ.”

“ಯಾವುದು ಅಂತ ಗೊತ್ತು. ನನ್ನ ಉತ್ತರಾನೂ ನಿಮಗೆ ಗೊತ್ತು. ಆದ್ರೆ ನಿಮ್ಮಕ್ಕನ ಎದುರಿಗೆ ಕೇಳಿ. ಸಾಲು ಬಿಟ್ಟವಳು ನಾನೇ ಅಂತ ಮೊದಲು ಅವರಿಗೆ ಹೇಳ್ತೀನಿ.”

“ಓಕೆ ಒತ್ತಿದವನು ನಾನು ಅಂತ ನಾನೂ ಹೇಳ್ತೀನಿ.”

ಅವನ ಫೋನು ಸದ್ದು ಮಾಡಿತು. ಲಕ್ಷ್ಮೀಕಾಂತಮ್ಮ ಕಿಟಕಿಯಿಂದ ತೆಗೆದ ಫೋಟೋ. ಮೆಟ್ಟಿಲ ಮೇಲೆ ಭಾವ ಚಪ್ಪಲಿ ಬಿಟ್ಟು, ಊಟದ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ. ಅವಸರವೇನೂ ಇದ್ದಂತಿರಲಿಲ್ಲ. ವಿಳಾಸ ಈಗ ಅವನಿಗೆ ಬಾಯಿಪಾಠವಾಗಿತ್ತು.