ಮೀನಿನ ಹಿತಕ್ಕೆ ಬಗೆದ ಹೊಳೆ

2025ರ ಫೆಬ್ರುವರಿ 18, ಮಂಗಳವಾರ. ಮಧ್ಯಾಹ್ನ 3.10ಕ್ಕೆ ಗುತ್ತಿಗೆದಾರ ರಾಜೇಂದ್ರ ಠಾಣೆಗೆ ಬಂದು ದೂರು ಕೊಟ್ಟ. ಮೇಗರವಳ್ಳಿ ಸಮೀಪದ ಹೊಳೆಯಲ್ಲಿ ಕೆಲಸಕ್ಕಿಳಿಸಿದ್ದ ಜೆಸಿಬಿಗೆ, ಚಾಲಕ ಊಟಕ್ಕೆ ಹೋಗಿದ್ದಾಗ, ಯಾರೋ ಬೆಂಕಿ ಹಚ್ಚಿದ್ದರು.

ಇನ್‌ಸ್ಪೆಕ್ಟರ್ ಹೇಮಾವತಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ನಟರಾಜ್ ಮತ್ತು ರಾಜೇಂದ್ರನ ಜೊತೆ 4.25ಕ್ಕೆ ಸ್ಥಳ ತಲುಪಿದರು. ಯಂತ್ರಕ್ಕಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ಹೊಳೆ. ಯಂತ್ರ ಬಗೆದಲ್ಲಿ ದಂಡೆ ಒಡೆದು, ಮೀನು ತಂಗುವ ಆಳದ ಗುಂಡಿಯ ನೀರೆಲ್ಲ ಹರಿದುಹೋಗಿತ್ತು. ಕೆಸರಿನಲ್ಲಿ ತೋಳುದ್ದದ ಮಹಶೀರ್ ಮೀನುಗಳು ಸತ್ತು ಬಿದ್ದಿದ್ದವು. ದಡದಲ್ಲಿ ಜರಡಿ ಹಿಡಿದ ಮರಳಿನ ರಾಶಿ, ಪಕ್ಕದಲ್ಲೊಂದು ಫಲಕ: ‘ಮತ್ಸ್ಯ ಆವಾಸ ಪುನಶ್ಚೇತನ ಕಾಮಗಾರಿ’.

“ಇದಾ ಪುನಶ್ಚೇತನ?”

“ಪರ್ಮಿಷನ್ ಇದೆ ಮೇಡಂ.” ರಾಜೇಂದ್ರ ಫೈಲು ಚಾಚಿದ. “ಮೀನಿಗೋಸ್ಕರ ಮಾಡೋ ಕೆಲ್ಸ. ಪರಿಸರ ಪರಿಶೀಲನೆಯಿಂದ ವಿನಾಯ್ತಿ ಕೊಟ್ಟಿದಾರೆ.”

“ಮರಳು ಸಾಗ್ಸೋಕೂ ವಿನಾಯ್ತಿನಾ?”

ಅವನು ಫೈಲನ್ನು ಅವರ ಕೈಗಿಟ್ಟು ಹಿಂದೆ ಸರಿದ.

ಐದು ಗಂಟೆಗೆ ಪಂಚನಾಮೆ ಶುರುವಾಯಿತು. ಯಂತ್ರದ ಹಿಂದೆ ನಟರಾಜ್‌ಗೆ ಡೀಸೆಲ್ ವಾಸನೆಯ ಪ್ಲಾಸ್ಟಿಕ್ ಬಾಟಲಿಯೊಂದು ಸಿಕ್ಕಿತು. ಅದರ ಚೀಟಿಯಲ್ಲಿ ಪೆನ್ನಿನಿಂದ ‘ನೀರಿನ ಮಾದರಿ’ ಎಂದು ಬರೆದಿತ್ತು. ಹೇಮಾವತಿ ಫೈಲು ತಿರುವಿದರು. ವಿನಾಯಿತಿಗೆ ಆಧಾರವಾದ ಸ್ಥಳ ವರದಿಯಲ್ಲೂ ಅದೇ ಕೈಬರಹ. ಕೆಳಗೆ ಸಹಿ: ಹೂವಯ್ಯ, ಮೀನುಗಾರಿಕೆ ಕ್ಷೇತ್ರ ಸಹಾಯಕ.

ಆಚೆ ದಡದ ಮನೆಯ ಗುತ್ಯಮ್ಮನ ಹೇಳಿಕೆ ಪಡೆದರು.

“ಇವತ್ತು ಯಾರಾದ್ರೂ ಬಂದಿದ್ರಾ?”

“ಹೂವಯ್ಯನೋರು ಬಂದಿದ್ರು. ಮೀನು ಸಾಯ್ತಿದಾವೆ ಅಂತ ನಾನೇ ಫೋನ್ ಮಾಡಿದ್ದೆ. ಕೆಸರಿಗಿಳಿದು, ಉಸಿರಿದ್ದ ಎರಡನ್ನ ಎತ್ತಿ ಕೆಳಗಿನ ನೀರಿಗೆ ಬಿಟ್ರು. ಅವೂ ಮಗುಚ್ಕೊಂಡ್ವು.” ಗುತ್ಯಮ್ಮ ತಡೆದು ಹೇಳಿದಳು, “ಆಮೇಲೆ ಅವರ ಮುಖ ನೋಡೋಕೆ ಹೆದ್ರಿಕೆ ಆಯ್ತು.”

ಮರುದಿನ ಬೆಳಗ್ಗೆ 9.40ಕ್ಕೆ ತೀರ್ಥಹಳ್ಳಿಯ ಮನೆಯಲ್ಲಿ ಹೂವಯ್ಯ ಸಿಕ್ಕರು. ವಯಸ್ಸು ಐವತ್ತೆಂಟು.

“ಬೆಂಕಿ ಹಚ್ಚಿದ್ದು ನೀವಾ?”

“ಹೌದು.”

“ಯಾಕೆ?”

“ಮಳೆಗಾಲದಲ್ಲಿ ಸ್ಥಳಕ್ಕೆ ಹೋಗ್ದೆ ಆಫೀಸಲ್ಲೇ ಕೂತು ವರದಿ ಬರ್ದೆ ಮೇಡಂ. ಗಿಡ ನೆಡ್ತಾರೆ, ಹೂಳು ಕೈಯಲ್ಲೇ ತೆಗೀತಾರೆ, ಪರಿಶೀಲನೆ ಬೇಕಿಲ್ಲ ಅಂತ. ಮೆಷಿನ್ ಇಳಿದ್ಮೇಲೆ ನಿಲ್ಲಿಸಿ ಅಂತ ಮೇಲಧಿಕಾರಿಗಳಿಗೆ ಮೂರು ಪತ್ರ ಬರ್ದೆ. ಮೂರಕ್ಕೂ ನನ್ನ ವರದಿಯನ್ನೇ ಲಗತ್ತಿಸಿ ವಾಪಸ್ ಕಳ್ಸಿದ್ರು!” ಹೂವಯ್ಯ ಆ ಮೂರು ಪತ್ರಗಳನ್ನೂ ತಂದು ಮುಂದಿಟ್ಟರು. “ಬೇಸಿಗೇಲಿ ಆ ಮೀನಿಗೆ ಬೇರೆ ಗುಂಡಿ ಇಲ್ಲ. ಅದು ನಂಗೆ ಗೊತ್ತಿತ್ತು.”

10.15ಕ್ಕೆ ಬಂಧನವಾಯಿತು.

ಠಾಣೆಯಲ್ಲಿ ರಾಜೇಂದ್ರ ಕಾಯುತ್ತಿದ್ದ. “ಆಸಾಮಿ ಸಿಕ್ಕಿದ್ನಲ್ಲ, ಕೆಲ್ಸ ಮುಂದುವರ್ಸಬಹುದಾ?”

ಹೇಮಾವತಿ ಫೈಲನ್ನು ಮೇಜಿಗೆ ಬಡಿದರು. “ಕೂತ್ಕೊಳ್ರೀ! ಗಿಡ ನೆಡೋಕೆ ಅಂತ ವಿನಾಯ್ತಿ ತಗೊಂಡು ಹೊಳೆ ಮಾರಿದ್ದಕ್ಕೆ ಇನ್ನೊಂದು ಎಫ್‌ಐಆರ್ ಆಗ್ತಿದೆ. ಅದ್ರಲ್ಲಿ ನೀವೇ ಆರೋಪಿ.” ಮರಳಿನ ರಾಶಿ ಜಪ್ತಿ ಮಾಡಲು ನಟರಾಜ್ ಆಗಲೇ ಹೊರಟಿದ್ದರು.

ಸಂಜೆ ಹೇಮಾವತಿ ಕೇಸ್ ಡೈರಿ ಬರೆದರು. ಆರೋಪಿ ಇಪ್ಪತ್ತಾರು ವರ್ಷ ಆ ಹೊಳೆಯ ಮೀನುಗಳನ್ನು ದಡದಲ್ಲಿ ನಿಂತು ಎಣಿಸಿದವರು; ಒಮ್ಮೆ ಮಾತ್ರ ಹೋಗದೆ ಬರೆದರು. ಅವರ ಸಿಟ್ಟು ದೂರುದಾರನ ಮೇಲಿದ್ದದ್ದಕ್ಕಿಂತ ತಮ್ಮ ಮೇಲೆಯೇ ಹೆಚ್ಚಿತ್ತು.