ಗುರುವಾರದ ನಳ

ಸುರಭಿಯ ಅಡುಗೆಮನೆಯ ನಳಕ್ಕೆ ಬೇರೆ ಯಾರೋ ಕೈ ಹಚ್ಚಿದ್ದಾರೆ ಎಂದು ಯೋಗಿರಾಜನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಬಿಸಿನೀರು, ತಣ್ಣೀರು ಎರಡೂ ಒಂದೇ ಕೊಳವೆಯಿಂದ ಬರುವ ಮಿಕ್ಸರ್ ನಳ ಅದು. ಕೊಳವೆ ತಿರುಗುವ ಬುಡದಲ್ಲಿ ಒಂದು ರಬ್ಬರ್ ರಿಂಗು ಇರುತ್ತದೆ. ಅದು ಸವೆದರೆ ನೀರು ಬುಡದಿಂದಲೇ ಜಿನುಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬರುವ ಸೊಲ್ಲಾಪುರದಲ್ಲಿ ಅಂಥ ನಳವನ್ನು ಯಾರೂ ಒಂದು ದಿನವೂ ಸಹಿಸುವುದಿಲ್ಲ.

ಯೋಗಿರಾಜ ಕರಜಗಿಯವನು, ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟರ್. ಗುರುವಾರ ಅವನಿಗೆ ಸೂಟಿ, ವಾರದ ರಜೆ. ಇದೇ ಬಿಲ್ಡಿಂಗಿನಲ್ಲಿರುವ ಅವನ ಸೋದರತ್ತೆ ಗುರುಬಾಯಿ ಒಂದು ತಿಂಗಳ ಹಿಂದೆ ಕರೆತಂದು ಈ ನಳ ತೋರಿಸಿದ್ದಳು. ಅವನು ಹೊಸ ರಿಂಗು ಹಾಕಿದ. ಎರಡೇ ವಾರಕ್ಕೆ ಮತ್ತೆ ಸೋರಿತು. ರಿಂಗು ಕೊಟ್ಟ ಅಂಗಡಿಯವನ ಜೊತೆ ಜಗಳಾಡಿ ಇನ್ನೊಂದು ತಂದು ಹಾಕಿದ. ಈಗ ಮೂರನೇ ಸಲ.

ಸುಳ್ಳು ಯಾಕೆ, ಸುರಭಿಯ ಫೋನ್ ಬಂದಾಗ ಅವನಿಗೆ ಖುಷಿಯೇ ಆಗಿತ್ತು. ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಇವತ್ತು ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಡುವುದು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಈಗ ನೋಡಿದರೆ ಕೊಳವೆಯ ಹಿಂದಿನ ಪುಟ್ಟ ಸ್ಕ್ರೂ ಸುತ್ತ ಹೊಸ ಗೀರುಗಳು! ಹೋದ ಸಲವೂ ಇದ್ದವೋ ಏನೋ, ಆಗ ಟಾರ್ಚ್ ಹಿಡಿದು ಪಕ್ಕದಲ್ಲೇ ಸುರಭಿ ನಿಂತಿದ್ದಳು. ಅವನ ಕಣ್ಣು ಸ್ಕ್ರೂ ಕಡೆ ಇರಲಿಲ್ಲ.

“ಇದನ್ನ ಯಾರ ಬಿಚ್ಯಾರ್ರಿ?”

“ಯಾರ ಬಿಚ್ತಾರ?” ಸುರಭಿ ಜಡೆಯ ತುದಿ ತಿರುವುತ್ತ ಕಿಟಕಿಯ ಕಡೆ ನೋಡಿದಳು.

ಅವನೂ ನೋಡಿದ. ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಬಟ್ಟಲು, ಅದರ ಪಕ್ಕ ಹೊಳೆಯುವ ಅಲೆನ್ ಕೀಲಿ. ಈ ಸ್ಕ್ರೂ ತಿರುಗಿಸುವ ಅಳತೆಯದೇ. ಯಾರದೆಂದು ಕೇಳಿದ. ತನ್ನ ಆಫೀಸಿನ ಅತುಲನದು, ಮೂರು ವಾರದಿಂದ ಇಲ್ಲೇ ಇದೆ ಎಂದಳು. ಭಾಳ ಚಲೋ ಮನುಷ್ಯ, ಕೇಳಿದ್ದಕ್ಕೆಲ್ಲ ಇಲ್ಲ ಅನ್ನುವುದಿಲ್ಲ ಎಂದೂ ಸೇರಿಸಿ ಓರೆಗಣ್ಣಿನಲ್ಲಿ ಇವನ ಮುಖ ನೋಡಿದಳು.

ಅತುಲ! ಎಸಿ ಆಫೀಸಿನವನು. ಉಗುರಿನ ಸಂದಿಯಲ್ಲಿ ಗ್ರೀಸ್ ಇರದವನು. ಅವನು ಈ ಅಡುಗೆಮನೆಗೆ ಬಂದು, ಇಲ್ಲೇ ನಿಂತು, ಇವಳ ಕೈಯ ಚಹಾ ಕುಡಿದು, ಕೆಲಸ ಕೆಡಿಸಿಟ್ಟು ಹೋಗಿದ್ದಾನೆ. ಯೋಗಿರಾಜನಿಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರು ಯಾಕೆ?

“ಹಂಗಾರ ಅವರನ್ನ ಕರೀರಿ. ಇದ ಕಡೀ ಸಲ, ನಾ ಇನ್ನ ಬರೂದಿಲ್ಲ.”

ಸುರಭಿಯ ನಗು ಮಾಯವಾಯಿತು.

ಅವನು ತಲೆ ಎತ್ತದೆ ಸ್ಕ್ರೂ ಬಿಚ್ಚಿ, ಕೊಳವೆ ಎಳೆದು ತೆಗೆದು, ರಿಂಗನ್ನು ಅಂಗೈಗೆ ಉದುರಿಸಿಕೊಂಡ. ಅಲ್ಲೇ ನಿಂತುಬಿಟ್ಟ.

ಗಡುಸಾಗಿ ಸೀಳಿದ ರಿಂಗು. ಅದರ ಅಂಚಿನಲ್ಲಿ ಅರ್ಧಚಂದ್ರದಂಥ ಕಚ್ಚು. ಹೋದ ಸಲ ಹಳೆಯ ರಿಂಗು ಎಬ್ಬಿಸುವಾಗ ತನ್ನದೇ ಸ್ಕ್ರೂಡ್ರೈವರ್ ಜಾರಿ ಆದ ಕಚ್ಚು ಅದು. ತೆಗೆದು ಇದೇ ಕಿಟಕಿಯಲ್ಲಿ ಇಟ್ಟಿದ್ದ. ಅದು ಮತ್ತೆ ನಳದೊಳಗೆ ಹೇಗೆ ಹೋಯಿತು? ಕೆಲಸ ಬಾರದವನೂ ಒಳ್ಳೆಯದನ್ನು ತೆಗೆದು ಸೀಳಿದ್ದನ್ನು ಹಾಕುವುದಿಲ್ಲ.

ಬಟ್ಟಲಿನೊಳಗೆ ಇಣುಕಿದ. ನೀರಿನಲ್ಲಿ ಎರಡು ಕರಿ ರಿಂಗುಗಳು ಮುಳುಗಿದ್ದವು. ಎರಡೂ ಹೊಸವು, ಎರಡೂ ಅವನು ಹಾಕಿದ್ದವು.

“ಒಣಗಿದ್ರ ರಬ್ಬರ್ ಸೀಳತದ ಅಂತ ನೀವ ಹೇಳಿದ್ರಿ,” ಸುರಭಿಯ ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿತ್ತು. “ಅದಕ್ಕ ನೀರಾಗ ಇಟ್ಟೀನಿ. ಅತುಲ ಈ ಮನಿ ಹೊಸ್ತಲಾ ತುಳದಿಲ್ಲ. ಕೀಲಿ ಅಷ್ಟ ಇಸ್ಕೊಂಡ ಬಂದೀನಿ.”

“ನೀವ ಬಿಚ್ಚಿದ್ರಿ?”

“ಮತ್ತ? ಎರಡೂ ಸಲ ನಿಮ್ಮ ಹೊಸಾ ರಿಂಗ ತಗದು ಹಳೇದ ಹಾಕೀನಿ. ನಳ ಸೋರದಿದ್ರ ನೀವು ಬರ್ತಿದ್ರೇನು?”

ಅವನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. ಕೆನ್ನೆ ಕೆಂಪಾಗಿದ್ದರೂ ಅವಳು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದು ಅವನೇ.

ಹೊರಗಿನ ಕೋಣೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ಅವಳ ತಾಯಿ ಸೀತಾಬಾಯಿ ಅಲ್ಲಿಂದಲೇ ಕೇಳಿದಳು: “ಅಲ್ಲೋ ಯೋಗಿರಾಜ, ಈ ನಳ ನಿನ್ನ ಸೂಟಿ ನೋಡ್ಕೊಂಡ ಗುರುವಾರಕ್ಕ ಯಾಕ ಸೋರತದ?”

ಸುರಭಿ ಕುರ್ತಾದ ಮೇಲಿನ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು.

ಯೋಗಿರಾಜ ಬಟ್ಟಲಿನಿಂದ ಒಂದು ರಿಂಗು ಎತ್ತಿ ಒರೆಸಿ, ಗ್ರೀಸ್ ಹಚ್ಚಿ ಕೂರಿಸಿದ. ಕೊಳವೆ ಹಾಕಿ ಸ್ಕ್ರೂ ಬಿಗಿದು ನಳ ಬಿಟ್ಟ. ಬುಡದಲ್ಲಿ ಒಂದು ಹನಿಯೂ ಇಲ್ಲ.

“ಇನ್ನ ಸೋರೂದಿಲ್ರಿ, ಅತ್ತಿ,” ಎಂದು ಹೊರಗಿದ್ದ ಸೀತಾಬಾಯಿಗೆ ಕೇಳುವಂತೆ ಹೇಳಿದ. “ಮುಂದಿನ ಗುರುವಾರ ನಮ್ಮವ್ವನ್ನ ಕರ್ಕೊಂಡ ಬರ್ತೀನಿ. ನಳದ ಮಾತಿಗಲ್ಲ.”

ಹೊರಗೆ ಮೆಂತ್ಯದ ಕಡ್ಡಿ ಮುರಿಯುವ ಸದ್ದು ನಿಂತಿತು. ಆಮೇಲೆ ಸೀತಾಬಾಯಿ ಮಗಳನ್ನು ಕರೆದು, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕು ಎಂದಳು.

ಯೋಗಿರಾಜ ಸಾಮಾನು ಚೀಲಕ್ಕೆ ತುಂಬಿದ. ಕೊನೆಗೆ ಕಿಟಕಿಯ ಮೇಲಿನ ಅಲೆನ್ ಕೀಲಿ ಎತ್ತಿ ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. ಅದು ಅತುಲನದು, ವಾಪಸ್ ಕೊಡಬೇಕು ಎಂದು ಸುರಭಿ ಕೈ ಚಾಚಿದಳು.

“ಗೊತ್ತೈತಿ,” ಎಂದ ಅವನು. “ನಿಮ್ಮ ಆಫೀಸ್ ಎಷ್ಟಕ್ಕ ತೆರೀತದ ಹೇಳ್ರಿ. ನಾನ ಕೊಟ್ಟ ಬರ್ತೀನಿ.”