ದಿಮ್ಮಿಯ ಮೇಲೆ ಕುಳಿತ ಹಿರಿಯರು

"ಸಕ್ರಿ, ಆ ಎರಡು ದಿಮ್ಮಿ ಎಲ್ಲಿ ಅದಾವು? ಲಗೂ ತಾ," ಎಂದು ಖಂಡಪ್ಪ ಕಾಕಾ ಲಾರಿಯ ಪಕ್ಕದಿಂದ ಕೂಗಿದ.

ಸಕ್ರವ್ವ ಅಂಗಳದ ತುಂಬ ಕಣ್ಣಾಡಿಸಿದಳು. ದಿಮ್ಮಿಗಳು ಕಂಡವು. ಆದರೆ ಒಂದರ ಮೇಲೆ ಅಮೋಘಿ ಮುತ್ತ್ಯಾ ಕುಳಿತಿದ್ದ. ಇನ್ನೊಂದರ ಮೇಲೆ ಗುರುಪಾದಯ್ಯನವರು ಕುಳಿತಿದ್ದರು.

ಮುತ್ತ್ಯಾ ಎಂದರೆ ಅವಳ ಅಜ್ಜ, ಕಾಕಾನ ಅಪ್ಪ. ಗುರುಪಾದಯ್ಯನವರು ಓಣಿಯ ಹಿರಿಯರು, ಎಲ್ಲರಿಗೂ 'ಅಯ್ನಾರು'. ಟಿಕೋಟಾದಲ್ಲಿ ಯಾರ ಮನೆಯಲ್ಲಿ ಏನು ಕೆಲಸ ನಡೆದರೂ ಕರೆಯದೆ ಬಂದು ಸಲಹೆ ಕೊಡುವುದು ಅವರ ರೂಢಿ.

ಲಾರಿಯ ಮುಂದಿನ ಶಾಕ್‌ಗಳು ಸತ್ತು ಆರು ತಿಂಗಳಾಗಿತ್ತು. ಗಾಲಿ ತಗ್ಗಿಗೆ ಬಿದ್ದಾಗ ಲಾರಿ ಕುಣಿಯದಂತೆ ತಡೆಯುವ ಉದ್ದನೆಯ ನಳಿಗೆಗಳು ಅವು. ಈಗ ಬಬಲೇಶ್ವರದ ಸಂತೆಗೆ ಉಳ್ಳಾಗಡ್ಡಿ ಒಯ್ದರೆ ನಾಲ್ಕು ಚೀಲ ದಾರಿಯಲ್ಲೇ ಇಳಿದುಬಿಡುತ್ತಿದ್ದವು. ಬಿಜಾಪುರದ ಗ್ಯಾರೇಜಿನಲ್ಲಿ ವಾರಗಟ್ಟಲೆ ಪಾಳಿ. ಅದಕ್ಕೆ ಕಾಕಾ ಹೊಸ ಶಾಕ್ ತಂದು ಮನೆಯಲ್ಲೇ ಕೂಡಿಸಲು ನಿಂತಿದ್ದ.

ತರುವಾಗ ಸಕ್ರವ್ವನೂ ಜೊತೆಗಿದ್ದಳು. ಮಿಸ್ತ್ರಿ ಬಾಬುಸಾಬ ಹೇಳಿದ್ದು ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು.

"ಖಂಡಪ್ಪ, ಹಿಂದಿನ ಗಾಲಿಗೆ ಕಲ್ಲು ಕೊಡು. ಜಾಕ್ ಕೆಳಗ ಹಲಗಿ ಹಾಕು. ಜಾಕ್ ಇರೂದು ಎತ್ತಾಕ, ಹೊರಾಕ ಅಲ್ಲ. ಅಚ್ಚಿನ ಕೆಳಗ ದಿಮ್ಮಿ ಕೊಡೂತನಕ ತೆಲಿ ಒಳಗ ಹಾಕಬ್ಯಾಡ," ಎಂದು ಅವನೇ ಎರಡು ಜಾಲಿ ದಿಮ್ಮಿ ಕೊಟ್ಟು ಕಳಿಸಿದ್ದ.

ಕಾಕಾ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಅದು ಸಾಲದೆಂದು ಅಯ್ಯನವರು ಒಂದು ನಿಂಬೆಹಣ್ಣನ್ನೂ ಇಡಿಸಿದರು. ಹಲಗೆಯ ಸರದಿ ಬಂದಾಗ ಮಾತ್ರ ಕೈಯೆತ್ತಿ ತಡೆದರು.

"ಎರಿ ಮಣ್ಣು ಕಬ್ಬಿಣ ಇದ್ದಂಗ. ಹಲಗಿ ಯಾಕ ಬೇಕು?"

ಮೊನ್ನೆಯಷ್ಟೇ ಮಳೆಯಾಗಿ ಅಂಗಳದ ಕರಿಮಣ್ಣು ಇನ್ನೂ ಹಸಿಯಿತ್ತು. ಆದರೂ ಕಾಕಾ ಹಲಗೆಯನ್ನು ಪಕ್ಕಕ್ಕಿಟ್ಟ. ಅಯ್ಯನವರು ಜನ್ಮದಲ್ಲಿ ಲಾರಿ ಹತ್ತಿದವರಲ್ಲ. ಬಸ್ಸು ಹತ್ತಿದರೂ ಇಟ್ಟಂಗಿಹಾಳ ಬರುವಷ್ಟರಲ್ಲಿ ವಾಂತಿ ಮಾಡಿಕೊಳ್ಳುವವರು.

"ನಾ ಎಷ್ಟ ಕುರಿ ಕಾಲು ಕಟ್ಟೀನಿ," ಎಂದ ಮುತ್ತ್ಯಾ. "ಲಾರಿಗೂ ನಾಕ ಕಾಲು, ಕುರಿಗೂ ನಾಕ ಕಾಲು. ಏನ್ ಫರಕ ಐತಿ?"

ಸಕ್ರವ್ವ ಗಾಲಿಗಳನ್ನು ಎಣಿಸಿದಳು. ಆರು ಇದ್ದವು.

ಕಾಕಾ ಜಾಕ್ ಹೊಡೆದು ಲಾರಿ ಎತ್ತಿ, ಮುಂದಿನ ಒಂದು ಗಾಲಿ ಬಿಚ್ಚಿ ತೆಗೆದ. ಸಕ್ರವ್ವ ಹಿರಿಯರ ಎದುರು ಹೋಗಿ ನಿಂತಳು.

"ಮುತ್ತ್ಯಾ, ಅಯ್ನಾರ, ದಿಮ್ಮಿ ಬೇಕಾಗ್ಯಾವು. ಒಂದೀಟು ಏಳ್ರಿ."

"ಇದನ್ನ ಕಲಸ್ತಾರೇನು ನಿಮ್ಮ ಸಾಲ್ಯಾಗ? ಕುಂತ ಹಿರ್ಯಾರನ್ನ ಎಬ್ಬಸ್ತಾರೇನು?" ಎಂದರು ಅಯ್ಯನವರು.

"ಒಳಗ ಹೋಗು. ನಿಮ್ಮವ್ವನ ಕೂಡ ರೊಟ್ಟಿ ಬಡಿ," ಎಂದ ಮುತ್ತ್ಯಾ.

ಕಾಕಾನಿಗೂ ಇದು ಕೇಳಿಸಿತು. ಅವನು ಅಪ್ಪನ ಮುಖ ನೋಡಿದ, ಅಯ್ಯನವರ ಮುಖ ನೋಡಿದ.

"ಇರ್ಲಿ ಬಿಡ ಸಕ್ರಿ. ಎರಡ ನಟ್ಟಿನ ಕೆಲಸ," ಎಂದು ಪಾನಾ ಹಿಡಿದು ಲಾರಿಯ ಕೆಳಗೆ ಜಾರಿದ.

ಈಗ ಹೊರಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಅಷ್ಟು ದೊಡ್ಡ ಲಾರಿ ಒಂದು ಜಾಕ್ ಮೇಲೆ ನಿಂತಿತ್ತು. ಕಾಕಾನಿಗೆ ಏನಾದರೂ ಆದರೆ? ಸಕ್ರವ್ವನಿಗೆ ಅಳು ಬಂತು. ಅಳುತ್ತ ನಿಂತರೆ ಯಾರೂ ಏಳುವುದಿಲ್ಲ ಎಂಬುದೂ ಗೊತ್ತಿತ್ತು.

ಅವಳು ಮನೆಯ ಬಾಗಿಲವರೆಗೆ ಓಡಿ, ಹಾಗೇ ತಿರುಗಿ ಬಂದಳು.

"ಅವ್ವ ಚಾ ಸೋಸ್ಯಾಳ. ಒಳಗ ಬರಬೇಕಂತ್ರಿ."

ಎರಡನೆಯ ಸಲ ಹೇಳಬೇಕಾಗಲಿಲ್ಲ. ಬೆಳಿಗ್ಗೆಯಿಂದ ಮೊಣಕಾಲು ನೋವೆಂದು ನರಳುತ್ತಿದ್ದ ಮುತ್ತ್ಯಾ ಅಯ್ಯನವರಿಗಿಂತ ನಾಲ್ಕು ಹೆಜ್ಜೆ ಮುಂದಿದ್ದ.

ಸಕ್ರವ್ವ ಒಂದು ದಿಮ್ಮಿಯನ್ನು ಉರುಳಿಸುವಷ್ಟರಲ್ಲಿ ಕಾಕಾ ಸರ್ರನೆ ಹೊರಗೆ ಬಂದ. ಇದಕ್ಕಾಗಿಯೇ ಕಾಯುತ್ತಿದ್ದವನ ಹಾಗೆ ಎರಡನ್ನೂ ಎತ್ತಿ, ಒಂದರ ಮೇಲೊಂದು ಜೋಡಿಸಿ ಅಚ್ಚಿನ ಕೆಳಗೆ ಕೊಟ್ಟ. ಅಲುಗಾಡಿಸಿ ನೋಡಿ ಮತ್ತೆ ಒಳಗೆ ಜಾರಿದ.

ಅಷ್ಟರಲ್ಲಿ ಹಿರಿಯರು ತಿರುಗಿ ಬಂದರು. ಒಳಗೆ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತೇ ಹೊರತು ಚಾ ಇರಲಿಲ್ಲ.

"ಸುಳ್ಳ ಹೇಳ್ತೀಯಾ?" ಎಂದು ಮುತ್ತ್ಯಾ ಕಿವಿ ಹಿಡಿದ. "ದೊಡ್ಡವರಿಗೆ ಚ್ಯಾಷ್ಟಿ ಮಾಡ್ತೀಯಾ?"

ಆಗ ಜಾಕ್ ವಾಲಿತು. ಹಸಿ ಮಣ್ಣಿನಲ್ಲಿ ಒಂದು ಕಡೆ ಹೂತು ಅಡ್ಡ ಬಿತ್ತು. ಲಾರಿ ಧಡ್ ಎಂದು ಕುಸಿದು ದಿಮ್ಮಿಯ ಮೇಲೆ ಕುಳಿತಿತು. ಮುತ್ತ್ಯಾನ ಕೈ ತಾನಾಗಿ ಸಡಿಲಾಯಿತು.

"ಕಾಕಾ," ಎಂದಳು ಸಕ್ರವ್ವ. ಬಗ್ಗಿ ಲಾರಿಯ ಕೆಳಗೆ ನೋಡಿದಳು.

"ಅದೀನಿ," ಎಂದ ಕಾಕಾ ಒಳಗಿನಿಂದ. "ಏನೂ ಆಗಿಲ್ಲ. ಅದೀನಿ."

ಅಯ್ಯನವರಿಗೆ ಮೊದಲು ಉಸಿರು ಬಂತು, ಅದರ ಹಿಂದೆಯೇ ಮಾತು ಬಂತು. "ನೋಡಿದ್ರೇನು? ದಿಮ್ಮಿ ಇದ್ದದ್ದಕ್ಕ ಉಳದ. ಮದ್ಲಿನಿಂದ ನಾ ಹೇಳಾಕತ್ತಿದ್ನಿ."

"ಅದಕ್ಕಂತನ ನಾವು ಎದ್ದ ಹೋದ್ವಿ," ಎಂದ ಮುತ್ತ್ಯಾ.

ಕಾಕಾ ಹೊರಗೆ ಬಂದ. ಈಗ ಖರೆ ಹೇಳುತ್ತಾನೆ ಎಂದು ಸಕ್ರವ್ವ ಅವನನ್ನೇ ನೋಡಿದಳು. ಅವನು ಬೆವರು ಒರೆಸಿಕೊಂಡು, "ಹೌದ್ರಿ ಅಯ್ನಾರ," ಎಂದ. ಅಷ್ಟೇ.

ಸಕ್ರವ್ವನಿಗೆ ಸಿಟ್ಟು ಬಂತು. ಅವನ ಜೊತೆ ಮಾತೇ ಬೇಡ ಎನಿಸಿತು.

ಕಾಕಾ ಈ ಸಲ ಹಲಗೆ ಹಾಕಿ ಜಾಕ್ ನಿಲ್ಲಿಸಿದ. ಹೊಸ ಶಾಕ್ ಕೂಡಿಸಿ, ಗಾಲಿ ಏರಿಸಿ, ದಿಮ್ಮಿಗಳನ್ನು ಹೊರಗೆ ತೆಗೆದ. ತೆಗೆದದ್ದೇ ತಡ, ಹಿರಿಯರಿಬ್ಬರೂ ಬಂದು ಅವುಗಳ ಮೇಲೆ ಕುಳಿತರು. ಇನ್ನೊಂದು ಕಡೆಯ ಗಾಲಿ ಇನ್ನೂ ಬಾಕಿ ಇತ್ತು.

ಕಾಕಾ ಅವಳ ಹತ್ತಿರ ಬಂದು ಬಗ್ಗಿದ.

"ಸಕ್ರಿ, ನೀನ ಹೇಳ ಅವರಿಗೆ," ಎಂದು ಪಿಸುಗುಟ್ಟಿದ. "ನನಗ ಬಾಯಿ ಬರೂದಿಲ್ಲ."

ಸಕ್ರವ್ವ ಅವನ ದಪ್ಪ ಮೀಸೆ ನೋಡಿದಳು, ಗ್ರೀಸು ಮೆತ್ತಿದ ದೊಡ್ಡ ಕೈ ನೋಡಿದಳು. ಲಾರಿಯ ಕೆಳಗೆ ಮಲಗುವುದಕ್ಕಿಂತ 'ಏಳ್ರಿ' ಎನ್ನುವುದಕ್ಕೇ ಕಾಕಾ ಹೆಚ್ಚು ಹೆದರಿದ್ದ. ಅವಳ ಸಿಟ್ಟು ಇಳಿಯಿತು.

ಅವಳು ಹಿರಿಯರ ಎದುರು ಹೋದಳು. ಈ ಸಲ ಚಾದ ಮಾತು ತೆಗೆಯಲಿಲ್ಲ.

"ದಿಮ್ಮಿ ಬೇಕ್ರಿ. ಕಟ್ಟಿ ಮ್ಯಾಲ ಕುಂದರ್ರಿ," ಎಂದಳು. ಹೇಳಿ, ಇಬ್ಬರೂ ಏಳುವವರೆಗೆ ಅಲ್ಲೇ ನಿಂತಳು.